ನಾನು ತೊಳೆದ ಪಿಕ್ಟಿಷ್ ಕಲ್ಲು

2014ರಲ್ಲಿ ನಾನು ಸಿಯಾಟಲ್ ಪಕ್ಕದ ಶೋರ್‌ಲೈನ್‌ನಲ್ಲಿದ್ದ ಒಂದು ಚಿಕ್ಕ ಸ್ಟುಡಿಯೋದಲ್ಲಿ ಸ್ಟೋನ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಶಿಲ್ಪ, ಸಮಾಧಿ ಫಲಕ, ಕಟ್ಟಡದ ಕೆತ್ತನೆ ಇಂಥವು ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಒಟ್ಟು ನಾಲ್ಕು ಜನ ಇದ್ದೆವು. ಮೂವರು ಯೂನಿವರ್ಸಿಟಿಯಲ್ಲಿ ಇದನ್ನೇ ಓದಿ ಬಂದವರು. ನಾನೊಬ್ಬಳು ಮಾತ್ರ ಬಿಸಿಲಲ್ಲಿ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಲಿತವಳು. ಅಮೆರಿಕಕ್ಕೆ ಬರುವ ಮುಂಚೆ ಒಂಬತ್ತು ವರ್ಷ ಧಾರವಾಡದ ಕಡೆ ಪುರಾತತ್ವ ಕಚೇರಿಯೊಂದರಲ್ಲಿ ಶಾಸನಗಳ ಅಚ್ಚು ತೆಗೆಯುವ ಕೆಲಸ ಮಾಡಿದ್ದೆ. ನಮ್ಮ ಯಜಮಾನರಿಗೆ ಸಿಯಾಟಲ್ ಬಳಿಯ ಓವರ್‌ಲೇಕ್‌ನಲ್ಲಿ ಕೆಲಸವಾಯಿತೆಂದು ಇಲ್ಲಿಗೆ ಬಂದು, ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ, ಈ ಸ್ಟುಡಿಯೋದ ಬಾಗಿಲು ತಟ್ಟಿದೆ. ಮಾಲೀಕಳಾದ ಕ್ಯಾರಲ್‌ಗೆ ನನ್ನ ಸರ್ಟಿಫಿಕೇಟುಗಳು ಒಂದೂ ಅರ್ಥವಾಗಲಿಲ್ಲ. ಅಂಗಳದಲ್ಲಿದ್ದ ಸವೆದ ಫಲಕವೊಂದರ ಅಚ್ಚು ತೆಗೆದು ತೋರಿಸಿದೆ. ಕಣ್ಣಿಗೆ ಕಾಣದಿದ್ದ ಹೆಸರು ಕಾಗದದ ಮೇಲೆ ಎದ್ದು ಬಂತು, ಕೆಲಸ ಸಿಕ್ಕಿತು.

ಅಚ್ಚು ತೆಗೆಯುವುದೆಂದರೆ ಮಾಟವೇನಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಗಟ್ಟಿ ಬ್ರಷ್‌ನಿಂದ ತಟ್ಟಿ ತಟ್ಟಿ ಪ್ರತಿ ಗೆರೆಯ ಒಳಕ್ಕೂ ಇಳಿಸಿ, ಒಣಗಿದ ಮೇಲೆ ಮೆಲ್ಲಗೆ ಬಿಡಿಸುವುದು. ನಮ್ಮಲ್ಲಿ ಮಸಿಯನ್ನೂ ಹಚ್ಚುತ್ತಿದ್ದೆವು, ಇಲ್ಲಿ ಮಸಿ ಮುಟ್ಟುವಂತಿರಲಿಲ್ಲ. ಆದರೆ ಇದಕ್ಕೆಲ್ಲ ಮೊದಲು ಮಾಡುವ ಕೆಲಸ ಒಂದಿದೆ, ಅದು ಕಲ್ಲನ್ನು ತೊಳೆಯುವುದು. ಊರಿನ ಶಾಸನಗಳ ಮೇಲೆ ಏನಿರುತ್ತಿತ್ತು, ಏನಿರುತ್ತಿರಲಿಲ್ಲ! ಸುಣ್ಣ, ಎಣ್ಣೆಯ ಜಿಡ್ಡು, ಕುಂಕುಮ, ಪಾಚಿ, ಚುನಾವಣೆಯ ಬಣ್ಣ. ಎಲ್ಲವನ್ನೂ ತಿಕ್ಕಿ ತೆಗೆಯದೆ ಒಂದಕ್ಷರವೂ ಕಾಣುತ್ತಿರಲಿಲ್ಲ. ಬಕೆಟ್ಟು, ನಾರಿನ ಬ್ರಷ್ಷು, ಬಿದಿರಿನ ಚಕ್ಕೆ ಇಲ್ಲದೆ ನಾವು ಜೀಪು ಹತ್ತುತ್ತಿರಲಿಲ್ಲ.

ಆ ವರ್ಷದ ಏಪ್ರಿಲ್‌ನಲ್ಲಿ ಸಿಯಾಟಲ್ ಹತ್ತಿರದ ಮರ್ಸರ್ ಐಲ್ಯಾಂಡ್‌ನಿಂದ ಹೆಲೆನ್ ಎನ್ನುವ ಎಪ್ಪತ್ತಾರರ ಮಹಿಳೆ ಫೋನ್ ಮಾಡಿದರು. ಹಿಂದಿನ ಶರತ್ಕಾಲದಲ್ಲಿ ಗಂಡ ತೀರಿಕೊಂಡಿದ್ದರು. ಅವರ ಹೆಸರು ಡೂಗಲ್, ಹಡಗಿನ ಇಂಜಿನಿಯರ್, ಸ್ಕಾಟ್ಲೆಂಡಿನ ಈಶಾನ್ಯ ತೀರದ ರೈತರ ಮನೆಯವರು. ಮನೆಯ ಹಿಂದಿನ ತೋಟದಲ್ಲಿ ಡೂಗಲ್ ತಂದು ನೆಟ್ಟ ಒಂದು ಪಿಕ್ಟಿಷ್ ಕಲ್ಲಿತ್ತು. ಅದು ನಿಜವಾಗಿಯೂ ಹಳೆಯದೋ ಅಲ್ಲವೋ ತಿಳಿಯಬೇಕಾಗಿತ್ತು.

ಪಿಕ್ಟ್‌ಗಳೆಂದರೆ ಸಾವಿರದ ಮುನ್ನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿದ್ದ ಜನ. ಅವರು ಕಲ್ಲುಗಳ ಮೇಲೆ ಕೆಲವೇ ಚಿಹ್ನೆಗಳನ್ನು ಮತ್ತೆ ಮತ್ತೆ ಕೊರೆದಿದ್ದಾರೆ. ಅರ್ಧಚಂದ್ರದ ಮೇಲೆ ಮುರಿದ ಬಾಣ, ಜೋಡಿ ಬಿಲ್ಲೆಗಳು, ಮೀನು, ಹಾವು, ಸೊಂಡಿಲಿನಂಥ ಮೂತಿಯ ಹೆಸರಿಲ್ಲದ ಪ್ರಾಣಿ, ಕನ್ನಡಿ, ಬಾಚಣಿಗೆ. ಹೆಚ್ಚಾಗಿ ಎರಡೆರಡು ಜೋಡಿಯಾಗಿ ಬರುತ್ತವೆ. ಅವುಗಳ ಅರ್ಥ ಇವತ್ತಿಗೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಮನುಷ್ಯರ ಹೆಸರುಗಳಿರಬಹುದು ಎನ್ನುತ್ತಾರೆ.

ಏಪ್ರಿಲ್ 11, ಶುಕ್ರವಾರ ಕ್ಯಾರಲ್ ಮತ್ತು ನಾನು ನೋಡಲು ಹೋದೆವು. ತೊಂಬತ್ತೆರಡು ಸೆಂಟಿಮೀಟರ್ ಎತ್ತರದ ಬೂದುಬಣ್ಣದ ಮರಳುಗಲ್ಲು, ದೊಡ್ಡ ಫರ್ ಮರದ ಕೆಳಗೆ ಸ್ವಲ್ಪ ವಾಲಿಕೊಂಡು ನಿಂತಿತ್ತು. ಮೇಲೆ ಅರ್ಧಚಂದ್ರ ಮತ್ತು ಬಾಣ, ನಡುವೆ ಆ ಸೊಂಡಿಲಿನ ಪ್ರಾಣಿ, ಕೆಳಗೆ ಕನ್ನಡಿ ಮತ್ತು ಬಾಚಣಿಗೆ. ಎಲ್ಲದರ ಮೇಲೂ ಬಿಳಿ, ಹಳದಿ, ಬೂದಿ ಬಣ್ಣದ ಲೈಕನ್. ನಮ್ಮ ಮಸಾಲೆ ಡಬ್ಬಿಯಲ್ಲಿರುತ್ತದಲ್ಲ ಕಲ್ಲುಹೂವು, ಅದರದೇ ಬಳಗ, ಆದರೆ ಇದು ಕಲ್ಲಿಗೆ ಹುರುಕಿನಂತೆ ಅಂಟಿಕೊಂಡಿತ್ತು.

ಚಂದ್ರನನ್ನು ನೋಡಿದ ಕೂಡಲೇ ನಮ್ಮ ಶಾಸನಗಳಲ್ಲಿರುವಂತೆ ಪಕ್ಕದಲ್ಲಿ ಸೂರ್ಯನಿದ್ದಾನೆಯೇ ಎಂದು ನನ್ನ ಕಣ್ಣು ಹುಡುಕಿತು. ಕನ್ನಡಿ ಬಾಚಣಿಗೆ ನೋಡಿ, ಇದು ಯಾವಳೋ ಹೆಣ್ಣುಮಗಳಿಗೆ ನಿಲ್ಲಿಸಿದ ಕಲ್ಲು ಎಂದು ಮನಸ್ಸು ತೀರ್ಪನ್ನೂ ಕೊಟ್ಟಿತು. ಕ್ಯಾರಲ್‌ಗೆ ಹೇಳಿದೆ. ಅವಳು ನಕ್ಕು, "ಸುನಂದಾ, ಇದು ನಿಮ್ಮೂರ ಕಲ್ಲಲ್ಲ," ಎಂದಳು. ಆ ಮಾತನ್ನು ನಾನು ಚಿಹ್ನೆಗಳಿಗೆ ಮಾತ್ರ ಅನ್ವಯಿಸಿಕೊಂಡೆ. ಬಕೆಟ್ಟಿಗೂ ಬ್ರಷ್ಷಿಗೂ ಅನ್ವಯಿಸಿಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೆಲೆನ್ ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದರು. ಅಪ್ಪನ ಹೊಲ ಉಳುವಾಗ ಸಿಕ್ಕ ಕಲ್ಲು ಇದು, 1968ರಲ್ಲಿ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ತಂದೆ ಎಂದು ಡೂಗಲ್ ಮೊದಲಿಂದಲೂ ಹೇಳುತ್ತಿದ್ದರು. ಹಡಗಿನ ಕಾಗದವೂ ಇತ್ತು, ಅದರಲ್ಲಿ "ಕಲ್ಲು, ಒಂದು" ಎಂದಿತ್ತು. ಆದರೆ ಅಂತ್ಯಕ್ರಿಯೆಯ ದಿನ ಸ್ಕಾಟ್ಲೆಂಡಿನಿಂದ ಫೋನ್ ಮಾಡಿದ ಮೈದುನ, "ಅದಾ? ಅದು ನಮ್ಮ ಹೊಲದ ಬೇಲಿಯ ಬೋಳು ಕಲ್ಲು. ಗೆರೆ ಕೊರೆದವನು ನಿನ್ನ ಗಂಡ," ಎಂದುಬಿಟ್ಟಿದ್ದರು. ಅಣ್ಣತಮ್ಮಂದಿರಿಗೆ ಮೂವತ್ತು ವರ್ಷದಿಂದ ಮಾತಿರಲಿಲ್ಲ, ಹಾಗಾಗಿ ಅವರ ಮಾತನ್ನು ನಂಬುವುದೂ ಕಷ್ಟ, ಬಿಡುವುದೂ ಕಷ್ಟ. ಹೆಲೆನ್ ಆ ಊರಿನ ಮ್ಯೂಸಿಯಂಗೆ ಪತ್ರ ಬರೆದು, ಹಳೆಯದಾಗಿದ್ದರೆ ಕಲ್ಲನ್ನು ಹಿಂದಿರುಗಿಸುತ್ತೇನೆ ಎಂದಿದ್ದರು. ಅವರು ರಿಪೋರ್ಟ್ ಕೇಳಿದ್ದರು.

"ಹಳೆಯದೋ ಹೊಸದೋ ಅನ್ನೋದು ಮ್ಯೂಸಿಯಂನವರಿಗೆ ಬೇಕು," ಎಂದರು ಹೆಲೆನ್. "ನಲವತ್ತೈದು ವರ್ಷ ಅವನು ನನಗೆ ಸುಳ್ಳು ಹೇಳಿದ್ನಾ ಅನ್ನೋದಷ್ಟೇ ನನಗೆ ಬೇಕು."

ಕಾರಿನಲ್ಲಿ ವಾಪಸ್ಸು ಬರುವಾಗ ಕ್ಯಾರಲ್ ಎರಡು ಮಾತು ಹೇಳಿದಳು. ಮುಂದಿನ ವಾರ ಅಚ್ಚು ತೆಗೆದುಬಿಡು, ಗುರುವಾರ ಲೈಕನ್ ನೋಡಲು ಒಬ್ಬ ತಜ್ಞರು ಬರುತ್ತಾರೆ. ನಾನು ತಲೆಯಾಡಿಸಿದೆ. ಒಂಬತ್ತು ವರ್ಷದ ಕಚೇರಿ ಅನುಭವದಲ್ಲಿ ಕಲ್ಲುಹೂವಿನ ತಜ್ಞರೊಬ್ಬರು ಬಂದಿದ್ದನ್ನು ಒಂದೇ ಒಂದು ಸಲ ನೋಡಿದ್ದೆ. ಅದನ್ನು ಕೊಲ್ಲಲು ಯಾವ ರಾಸಾಯನಿಕ ಹಾಕಬೇಕು ಎಂದು ಹೇಳಿ, ಊಟ ಮಾಡಿ ಹೋಗಿದ್ದರು. ಇವರೂ ಅದಕ್ಕೇ ಬರುತ್ತಿದ್ದಾರೆ ಎಂದುಕೊಂಡೆ. ಬೇರೆ ಯಾವ ಕಾರಣ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ, ಕೇಳಲೂ ಇಲ್ಲ.

ಏಪ್ರಿಲ್ 15, ಮಂಗಳವಾರ ಬೆಳಿಗ್ಗೆ ಮಳೆ ನಿಂತಿತ್ತು. ಮತ್ತೆ ಶುರುವಾಗುವುದು ಮಧ್ಯಾಹ್ನದ ನಂತರ ಎಂದು ಫೋನ್ ಹೇಳುತ್ತಿತ್ತು. ಅಚ್ಚಿಗೆ ಮಳೆಯಿಲ್ಲದ ನಾಲ್ಕೈದು ಗಂಟೆ ಬೇಕೇಬೇಕು, ಆ ಊರಿನ ಏಪ್ರಿಲ್‌ನಲ್ಲಿ ಅಷ್ಟು ಸಿಕ್ಕರೆ ಬಿಡಬಾರದು. ಸ್ಟುಡಿಯೋದ ದೊಡ್ಡ ಕ್ಯಾಮೆರಾ ಬೇರೆಯವರ ಹತ್ತಿರವಿತ್ತು. ಫೋಟೋ ಆಮೇಲೆ ತೆಗೆದರಾಯಿತು, ಹೇಗೂ ತೊಳೆದ ಮೇಲೇ ಚೆನ್ನಾಗಿ ಬರುವುದು ಎಂದುಕೊಂಡು ಒಬ್ಬಳೇ ಮರ್ಸರ್ ಐಲ್ಯಾಂಡ್‌ಗೆ ಡ್ರೈವ್ ಮಾಡಿದೆ.

ಕಲ್ಲನ್ನು ನೆನೆಸಿ ಒಂದು ಗಂಟೆ ಒದ್ದೆ ಬಟ್ಟೆ ಹೊದಿಸಿಟ್ಟೆ. ಆಮೇಲೆ ಕೈ ತಾನಾಗಿಯೇ ಕೆಲಸಕ್ಕಿಳಿಯಿತು. ಬ್ರಷ್ಷು ದೊಡ್ಡ ಭಾಗಕ್ಕೆ, ಬಿದಿರಿನ ಚಕ್ಕೆ ಗೆರೆಗಳ ಒಳಕ್ಕೆ. ಹನ್ನೆರಡು ವರ್ಷದ ಮೇಲೆ ಇಡೀ ಕಲ್ಲನ್ನು ತೊಳೆಯುತ್ತಿದ್ದೆ, ಎಷ್ಟು ಖುಷಿಯಾಗಿತ್ತೆಂದರೆ ಏನೋ ಗುನುಗುತ್ತಲೂ ಇದ್ದೆ. ಆ ಪ್ರಾಣಿಯ ಕಣ್ಣು ಕಂಡಿತು. ಕನ್ನಡಿಯ ಹಿಡಿ ಕಂಡಿತು. ಬಾಚಣಿಗೆಯ ಹಲ್ಲು ಎಣಿಸುವಂತಾಯಿತು. ಹೆಲೆನ್ ಚಹಾ ತಂದು, "ಇಷ್ಟು ಸ್ವಚ್ಛವಾಗಿ ನಾನು ಇದನ್ನು ನೋಡಿಯೇ ಇಲ್ಲ," ಎಂದರು. ಹೊಗಳಿಕೆ ಎಂದುಕೊಂಡು ನಾನು ಇನ್ನೊಂದು ಸುತ್ತು ತಿಕ್ಕಿದೆ.

ಅಚ್ಚು ಬಹಳ ಚೆನ್ನಾಗಿ ಬಂತು. ಗೆರೆಗಳನ್ನು ಉಜ್ಜಿ ಎಳೆದಿರಲಿಲ್ಲ, ಚೂಪು ಉಪಕರಣದಿಂದ ಚುಚ್ಚಿ ಚುಚ್ಚಿ ಮಾಡಿದ್ದರು. ಪಿಕ್ಟ್‌ಗಳು ಹಾಗೆಯೇ ಮಾಡುತ್ತಿದ್ದರು. ಸಂಜೆ ಅದನ್ನು ಸ್ಟುಡಿಯೋದ ಮೇಜಿನ ಮೇಲೆ ಹರಡಿ, ಬಹುಮಾನ ಗೆದ್ದವಳಂತೆ ಕ್ಯಾರಲ್‌ಳನ್ನು ಕರೆದೆ.

ಅವಳು ಕಾಗದ ನೋಡಲಿಲ್ಲ, ನನ್ನ ಬಕೆಟ್ ನೋಡಿದಳು. "ಲೈಕನ್ ಎಲ್ಲಿ?" ಎಂದಳು.

"ತೆಗೆದೆ. ಪೂರ್ತಿ ಹೋಯಿತು. ಗುರುವಾರ ಅವರು ಬರುವ ಅಗತ್ಯವೇ ಇಲ್ಲ."

ಕ್ಯಾರಲ್ ಕುರ್ಚಿ ಎಳೆದು ಕೂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಕಲ್ಲು ಸ್ಕಾಟ್ಲೆಂಡಿನದು ಎನ್ನುವುದರಲ್ಲಿ ಅನುಮಾನವಿಲ್ಲ, ಅನುಮಾನ ಇರುವುದು ಗೆರೆಗಳ ಬಗ್ಗೆ. ಆ ತೀರದಲ್ಲಿ ಬೆಳೆಯುವ, ಇಲ್ಲಿ ಬೆಳೆಯದ ಕೆಲವು ಜಾತಿಯ ಲೈಕನ್‌ಗಳಿವೆ. ಅವು ಗೆರೆಗಳ ಒಳಗೆ ಬೇರೂರಿದ್ದರೆ, ಗೆರೆ ಕೊರೆದದ್ದು ಕಲ್ಲು ಹಡಗು ಹತ್ತುವ ಮುಂಚೆ. ಗೆರೆಯೊಳಗೆ ಬರೀ ಸಿಯಾಟಲ್‌ನ ಲೈಕನ್ ಇದ್ದರೆ, ಕೊರೆದದ್ದು ಇಲ್ಲಿ, ಡೂಗಲ್ ಕೈಯಲ್ಲಿ. ಹೆಲೆನ್‌ರ ಪ್ರಶ್ನೆಗೆ ಉತ್ತರ ಆ ಹುರುಕಿನಲ್ಲಿತ್ತು. ನಾನು ಅದನ್ನು ಚಕ್ಕೆಯಿಂದ ಕೆರೆದು, ನೀರು ಹೊಯ್ದು, ಹುಲ್ಲಿಗೆ ಹರಿಸಿದ್ದೆ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು, ಅಲ್ಲಿ ಇನ್ನೇನೂ ಉಳಿದಿರಲಾರದು.

"ತೊಳೆಯುವ ಮುಂಚಿನ ಫೋಟೋ?" ಎಂದು ಕೇಳಿದಳು.

ಇರಲಿಲ್ಲ. ಶುಕ್ರವಾರ ಅವಳೇ ಫೋನಿನಲ್ಲಿ ತೆಗೆದ ಎರಡು ಇದ್ದವು. ಎರಡರಲ್ಲೂ ಹೆಲೆನ್ ಕಲ್ಲಿನ ಮುಂದೆ ನಿಂತಿದ್ದರು.

ಕ್ಯಾರಲ್, "ರಿಪೋರ್ಟಿನಲ್ಲಿ 'ಲೈಕನ್‌ನ ಸಾಕ್ಷ್ಯ ಲಭ್ಯವಿಲ್ಲ' ಅಂತ ಬರೆಯೋಣ. ಅದು ಸುಳ್ಳೇನಲ್ಲ," ಎಂದಳು. ನನ್ನನ್ನು ಉಳಿಸಲೆಂದೇ ಅವಳು ಹಾಗೆ ಹೇಳಿದ್ದು. ಅದು ಗೊತ್ತಿದ್ದರಿಂದಲೇ ಇನ್ನಷ್ಟು ನಾಚಿಕೆಯಾಯಿತು.

ಮನೆಗೆ ಬಂದು ಚಪ್ಪಲಿ ಬಿಡದೆ ಸೋಫಾ ಮೇಲೆ ಕೂತೆ. ಯಜಮಾನರು ಲ್ಯಾಪ್‌ಟಾಪ್ ಮುಚ್ಚಿ, "ಏನಾತು? ಮಾರಿ ಯಾಕ ಹಂಗ ಮಾಡೀ?" ಎಂದರು.

"ಕಲ್ಲ ತೊಳದ್ನಿ."

"ತೊಳದ್ರ ಏನಾತು? ಅದ ಅಲ್ಲೇನ್ ನಿನ್ನ ಕೆಲಸ?"

ಒಂಬತ್ತು ವರ್ಷ ಅದೇ ನನ್ನ ಕೆಲಸವಾಗಿತ್ತು. ನೂರಾರು ಶಾಸನ ತೊಳೆದಿದ್ದೆ, ಸಾಹೇಬರು ಬೆನ್ನು ತಟ್ಟಿದ್ದರು. ಅವುಗಳ ಮೇಲಿದ್ದ ಎಷ್ಟು ಸಂಗತಿಗಳನ್ನು ಹೀಗೆಯೇ ಮೋರಿಗೆ ಹರಿಸಿದ್ದೆನೋ ಎಂಬ ಹೊಸ ದಿಗಿಲು ಶುರುವಾಯಿತು. ಅಥವಾ ಅಲ್ಲಿ ಸರಿಯಿದ್ದದ್ದು ಇಲ್ಲಿ ತಪ್ಪೇ? ಅಕ್ಷರ ಓದಬೇಕಿದ್ದರೆ ತೊಳೆಯಬೇಕು, ವಯಸ್ಸು ತಿಳಿಯಬೇಕಿದ್ದರೆ ತೊಳೆಯಬಾರದು ಎಂದರೆ, ಎರಡೂ ಬೇಕಾದವಳು ಏನು ಮಾಡಬೇಕು? ಮಗಳು ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ನಮ್ಮ ಕನ್ನಡ ಪೂರ್ತಿ ಅರ್ಥವಾದರೂ ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲೇ. "ಜಸ್ಟ್ ಟೆಲ್ ಹರ್, ಅಮ್ಮಾ," ಎಂದು ಪ್ಲೇಟು ತೆಗೆದುಕೊಂಡು ಹೋದಳು. ಹದಿನಾರು ವರ್ಷದವರಿಗೆ ಎಲ್ಲವೂ ಸುಲಭ ಎಂದು ನನಗೆ ಸಿಟ್ಟೇ ಬಂತು.

ಗುರುವಾರ ಮೂವರೂ ಹೋದೆವು, ಕ್ಯಾರಲ್, ನಾನು ಮತ್ತು ಲೈಕನ್ ತಜ್ಞರು. ಅವರು ನಿವೃತ್ತ ಸಸ್ಯಶಾಸ್ತ್ರದ ಮೇಷ್ಟರು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ತೊಳೆದು ಇಟ್ಟ ಕಲ್ಲನ್ನು ನೋಡಿ ಕ್ಯಾರಲ್ ಕಡೆ ತಿರುಗಿದರು. ಕ್ಯಾರಲ್ ಬಾಯಿ ತೆರೆಯುವ ಮುಂಚೆ ನಾನು ಹೆಲೆನ್‌ಗೆ ಹೇಳಿದೆ.

"ನಿಮ್ಮ ಪ್ರಶ್ನೆಗೆ ಉತ್ತರ ಈ ಕಲ್ಲಿನ ಮೇಲಿತ್ತು. ಮೊನ್ನೆ ನಾನು ತಿಳಿಯದೆ ತೊಳೆದುಬಿಟ್ಟೆ. ಮತ್ತೆ ಸಿಗುವುದಿಲ್ಲ. ತಪ್ಪು ನನ್ನದು."

ಹೆಲೆನ್ ಸಿಟ್ಟಾಗಲಿಲ್ಲ. ಗಲಿಬಿಲಿಗೊಂಡರು. "ಉತ್ತರ ಅಂದರೆ? ಆ ಪಾಚಿಯಲ್ಲಾ?" ಎಂದರು. ಮೇಷ್ಟರು ಕ್ಯಾರಲ್ ನನಗೆ ಹೇಳಿದ್ದನ್ನೇ ಅವರಿಗೂ ಬಿಡಿಸಿ ಹೇಳಿದರು. ಹೆಲೆನ್ ಕೇಳುತ್ತಾ ಕೇಳುತ್ತಾ ಕಲ್ಲಿನ ಹತ್ತಿರ ಹೋಗಿ ಅದರ ತಲೆಯ ಮೇಲೆ ಕೈಯಿಟ್ಟರು.

"ಆದರೆ ಅದು ಡೂಗಲ್ ಬೆಳೆಸಿದ್ದು," ಎಂದರು. "ಪ್ರತಿ ಅಕ್ಟೋಬರ್‌ನಲ್ಲಿ ಕಲ್ಲಿಗೆ ಮಜ್ಜಿಗೆ ಹಚ್ಚುತ್ತಿದ್ದ. ಬಣ್ಣ ಬಳಿಯುವ ಬ್ರಷ್ಷಿನಲ್ಲಿ, ಗೆರೆ ಗೆರೆಯ ಒಳಗೂ."

ಮಜ್ಜಿಗೆ ಹಚ್ಚಿದರೆ ಕಲ್ಲಿನ ಮೇಲೆ ಪಾಚಿ, ಲೈಕನ್ ಬೇಗ ಹಿಡಿಯುತ್ತವೆ ಎಂದು ಇಲ್ಲಿನ ತೋಟದವರು ನಂಬುತ್ತಾರೆ. ಮೇಷ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕೆತ್ತಿದ ಕನ್ನಡಿಯ ಗೆರೆಯಲ್ಲಿ ನನ್ನ ಚಕ್ಕೆಗೆ ಸಿಗದ ಸಾಸಿವೆಯಷ್ಟು ಬಿಳಿ ಚುಕ್ಕೆಯೊಂದು ಉಳಿದಿತ್ತು. "ಇದು ಅಲ್ಲಿನ ಜಾತಿ ಇರಬಹುದು. ಇದ್ದರೂ, ಹೀಗೆ ಉಣಿಸಿ ಬೆಳೆಸಿದ್ದಾದರೆ ಕಲ್ಲಿನ ಬೆನ್ನಿನಿಂದ ಹೊಸ ಗೆರೆಗೂ ಹರಡಿರಬಹುದು. ಪೂರ್ತಿ ಇದ್ದಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ," ಎಂದರು. ಆ 'ಏನೋ' ನನ್ನನ್ನು ತಪ್ಪಿನಿಂದ ಬಿಡಿಸಲೂ ಇಲ್ಲ, ಪೂರ್ತಿ ಕಟ್ಟಿಹಾಕಲೂ ಇಲ್ಲ.

ಕ್ಯಾರಲ್ ಏನು ಯೋಚಿಸುತ್ತಿದ್ದಾಳೆಂದು ಅವಳ ಮುಖದಲ್ಲೇ ಕಾಣುತ್ತಿತ್ತು. ಹೊಸ ಕೆತ್ತನೆಯನ್ನು ಹಳೆಯದೆಂದು ತೋರಿಸಬೇಕಾದವನು ಮಾಡುವ ಕೆಲಸ ಇದು. ನನಗೆ ಬೇರೆಯೇ ಕಾಣುತ್ತಿತ್ತು. ವರ್ಷಕ್ಕೊಮ್ಮೆ ಕಲ್ಲಿಗೆ ಹಾಲು ಮೊಸರು ಎರೆಯುವವರನ್ನು ನೋಡುತ್ತಲೇ ಬೆಳೆದವಳು ನಾನು. ಅವರಲ್ಲಿ ಯಾರೂ ಯಾರನ್ನೂ ಮೋಸ ಮಾಡುತ್ತಿರಲಿಲ್ಲ. ಊರು ಬಿಟ್ಟು ಬಂದವನೊಬ್ಬ ತನ್ನ ಹೊಲದ ಕಲ್ಲಿಗೆ ಗೆರೆ ಗೆರೆಯಲ್ಲೂ ಮಜ್ಜಿಗೆ ಹಚ್ಚುತ್ತಾನೆಂದರೆ ಅದು ಮೋಸವೋ ಭಕ್ತಿಯೋ? ಎರಡೂ ಆಗಿರಬಹುದೇ? ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಹೆಲೆನ್ ಕಲ್ಲಿನಿಂದ ಕೈ ತೆಗೆಯದೆ ಹೇಳಿದರು. "ಮಜ್ಜಿಗೆ ಅಂಗಡಿಯಿಂದ ತರುತ್ತಿದ್ದವಳು ನಾನೇ. ಪ್ರತಿ ವರ್ಷ ಎರಡು ಡಬ್ಬ. ಯಾಕೆ ಅಂತ ಒಂದು ಸಲವೂ ಕೇಳಲಿಲ್ಲ."

ಆಮೇಲೆ ಅವರು ಒಳಗೆ ಹೋದರು. ಕ್ಯಾರಲ್ ಅವರ ಹಿಂದೆ ಹೋಗಲು ಹೊರಟಳು, ನಾನು ತೋಳು ಹಿಡಿದು ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ಬಂದರು. ಕಣ್ಣುಗಳು ಕೆಂಪಾಗಿದ್ದವು, ಧ್ವನಿ ಗಟ್ಟಿಯಾಗಿತ್ತು. "ರಿಪೋರ್ಟ್ ಬರೆಯಿರಿ. ನೀವು ತೊಳೆದದ್ದನ್ನೂ ಬರೆಯಿರಿ, ಅವನು ಮಜ್ಜಿಗೆ ಹಚ್ಚಿದ್ದನ್ನೂ ಬರೆಯಿರಿ, ನಾನು ತಂದುಕೊಟ್ಟದ್ದನ್ನೂ ಬರೆಯಿರಿ. ಒಂದನ್ನೂ ಬಿಡಬೇಡಿ," ಎಂದರು.

ಹಾಗೆಯೇ ಬರೆದೆ. 'ಲಭ್ಯವಿಲ್ಲ' ಎನ್ನುವ ಪದವನ್ನು ಕ್ಯಾರಲ್ ತಾನೇ ಹೊಡೆದುಹಾಕಿದಳು. ಹನ್ನೊಂದು ಪುಟದ ಆ ರಿಪೋರ್ಟಿನ ಮೊದಲ ಸಾಲು: "2014ರ ಏಪ್ರಿಲ್ 15ರಂದು ನಾನು ಈ ಕಲ್ಲನ್ನು ತೊಳೆದು ಲೈಕನ್ ತೆಗೆದೆ." ಗೆರೆಗಳ ವಯಸ್ಸು ಹೇಳಲಾಗದು ಎಂಬುದು ಕೊನೆಯ ಸಾಲು. ಗೆರೆ ಚುಚ್ಚಿದ ರೀತಿ ಪಿಕ್ಟ್‌ಗಳದು, ಆದರೆ ಪಿಕ್ಟ್‌ಗಳಂತೆ ಕೊರೆಯಬೇಕೆಂದು ಹಟ ಹಿಡಿದ ಇಂಜಿನಿಯರ್ ಕೂಡ ಹಾಗೇ ಚುಚ್ಚುತ್ತಾನೆ ಎಂದೂ, ಇಷ್ಟು ಹಗುರವಾದ ಮಾತಿನಲ್ಲಲ್ಲದಿದ್ದರೂ, ಬರೆದಿದ್ದೆ. ಜೂನ್‌ನಲ್ಲಿ ಮ್ಯೂಸಿಯಂನಿಂದ ಮರ್ಯಾದೆಯ ಉತ್ತರ ಬಂತು. ಈ ಸ್ಥಿತಿಯಲ್ಲಿ ಕಲ್ಲನ್ನು ಸ್ವೀಕರಿಸಲಾರೆವು, ನಿರಾಕರಿಸುವುದಕ್ಕೂ ಆಧಾರವಿಲ್ಲ, ದಯವಿಟ್ಟು ಚೆನ್ನಾಗಿ ನೋಡಿಕೊಳ್ಳಿ.

ನನ್ನ ಕೆಲಸ ಹೋಗಲಿಲ್ಲ. ಮುಂದೆ ಐದು ವರ್ಷ ಅಲ್ಲೇ ಇದ್ದು ನಿವೃತ್ತಳಾದೆ. ಆ ಕಲ್ಲಿನಿಂದ ನಾನು ಕಲಿತದ್ದು, ಕೈ ಪಳಗಿದಷ್ಟೂ ಅದನ್ನು ಕಣ್ಣಿಟ್ಟು ಕಾಯಬೇಕು ಎನ್ನುವುದು. ಹೊಸಬಳಾಗಿದ್ದರೆ ಹೆದರಿ ಕೇಳುತ್ತಿದ್ದೆ, ತೊಳೆಯಲೇ ಬೇಡವೇ ಎಂದು. ಆಮೇಲಿನಿಂದ ಯಾವ ವಸ್ತುವನ್ನು ಮುಟ್ಟುವ ಮುಂಚೆಯೂ, ಇದರ ಮೇಲಿರುವುದು ಕೊಳೆ ಎಂದು ನಿರ್ಧರಿಸಿದವರು ಯಾರು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಮುಟ್ಟಿದ ಮೇಲೆ, ಮಾಡಿದ್ದನ್ನು ಮಾಡಿದಂತೆಯೇ ಬರೆದಿಡುತ್ತಿದ್ದೆ. ಮಾಡಿದ್ದು ಸರಿಯೆಂದು ಅನ್ನಿಸಿದ ಮೇಲೆ ಬರೆಯೋಣ ಎಂದು ಕಾದರೆ ಎಷ್ಟೋ ಸಂಗತಿ ಬರೆಯುವುದೇ ಇಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಹೆಲೆನ್ ಫೋನ್ ಮಾಡಿ, ಭುಜ ನೋಯುತ್ತಿದೆ, ಒಂದು ಗಂಟೆ ಬರಲಾಗುತ್ತದೆಯೇ ಎಂದು ಕೇಳಿದರು. ಶನಿವಾರ ಹೋದೆ. ಕಲ್ಲಿನ ಪಕ್ಕ ಎರಡು ಡಬ್ಬ ಮಜ್ಜಿಗೆ, ಒಂದು ಪಾತ್ರೆ, ಡೂಗಲ್‌ನ ಬಣ್ಣದ ಬ್ರಷ್ಷು ಇದ್ದವು. ನಮ್ಮ ವೃತ್ತಿಯ ಯಾವ ನಿಯಮದ ಪ್ರಕಾರ ನೋಡಿದರೂ ಅದು ಆಗಬಾರದ ಕೆಲಸ. ಹಾಗೆಂದು ಹೇಳಿದೆ ಕೂಡ. ಅವರು, "ಗೊತ್ತು. ನೀವು ಮುಟ್ಟಬೇಡಿ," ಎಂದರು. ಎಡಗೈಯಲ್ಲಿ ಬ್ರಷ್ ಹಿಡಿದು ಚಂದ್ರನಿಂದ ಶುರುಮಾಡಿದರು, ಬಾಚಣಿಗೆಯ ಹಲ್ಲುಗಳಿಗೆ ಬರುವಾಗ ಬಹಳ ಹೊತ್ತು ತೆಗೆದುಕೊಂಡರು.

ಸೋಮವಾರ ಸ್ಟುಡಿಯೋಗೆ ಹೋಗಿ ಫೈಲ್ ತೆಗೆದೆ. ಪ್ರತಿ ವಸ್ತುವಿಗೂ ಒಂದು ಫಾರಂ ಇರುತ್ತದೆ, ದಿನಾಂಕ, ಏನು ಮಾಡಲಾಯಿತು, ಯಾರು ಮಾಡಿದರು, ಕಾರಣವೇನು ಎಂಬ ನಾಲ್ಕು ಕಾಲಂ. ಅಕ್ಟೋಬರ್ 11 ಎಂದು ಬರೆದೆ. ಕಲ್ಲಿಗೆ ಮಜ್ಜಿಗೆ ಹಚ್ಚಲಾಯಿತು ಎಂದು ಬರೆದೆ. ಹಚ್ಚಿದವರು ಮಾಲೀಕರು, ಪಾತ್ರೆ ಹಿಡಿದವಳು ನಾನು ಎಂದು ಬರೆದೆ. ಕಾರಣದ ಕಾಲಂ ಖಾಲಿ ಬಿಟ್ಟು ಸಹಿ ಹಾಕಿದೆ.